ಓದು ಓಹಾಯೊದಲ್ಲಿ, ಲೆಕ್ಕಪತ್ರದ ತರಬೇತಿ ಎಮರಿವಿಲ್ಲಿನಲ್ಲಿ



ಊರಿನಲ್ಲಿ ಸಿ.ಎ. ಓದುವ ಹುಡುಗರು ಪರಿಚಿತ ಲೆಕ್ಕಪರಿಶೋಧಕರ ಕಛೇರಿಗೆ ಆರ್ಟಿಕಲ್‌ಶಿಪ್‌ಗೆಂದು ಸೇರುವುದನ್ನು ನಾವೆಲ್ಲ ಕಂಡಿದ್ದೇವೆ. ಸೋದರಮಾವನ ಒಂದು ಮಾತು ಸಾಕಾಗುತ್ತಿತ್ತು. ಇಲ್ಲಿನ ದಾರಿ ಬೇರೆ. ದೊಡ್ಡ ಲೆಕ್ಕಪತ್ರ ಸಂಸ್ಥೆಗಳು ವಿದ್ಯಾರ್ಥಿಗಳನ್ನು ಬಹುಮಟ್ಟಿಗೆ ಕಾಲೇಜಿಗೇ ಬಂದು ಆರಿಸುತ್ತವೆ. ಬಂದವರು ಮೊದಲು ನೋಡುವುದು ಹತ್ತಿರದ ಶಾಖೆಯ ಅಗತ್ಯವನ್ನು. ಓಹಾಯೊದಲ್ಲಿ ಓದುತ್ತ, ಬೇಸಗೆಗೆ ಎಮರಿವಿಲ್ಲಿನ ಮನೆಗೆ ಬರುವ ಮಗಳು ಹೀಗೆ ಎರಡೂ ಕಡೆ ಹೊರಗಿನವಳಾಗುತ್ತಾಳೆ.

ಅವಳು ಆ ಆಯ್ಕೆದಾರರನ್ನೇ ಕಂಡು, ತನ್ನ ಅರ್ಜಿಯನ್ನು ಸ್ಯಾನ್ ಫ್ರಾನ್ಸಿಸ್ಕೊ ಕಡೆಯ ಶಾಖೆಗೆ ಕಳುಹಿಸುವಂತೆ ಕೇಳಬೇಕು. ಮನೆ ಎಮರಿವಿಲ್ಲಿನಲ್ಲಿದೆಯೆಂಬುದು ಪತ್ರದ ಮೊದಲ ಸಾಲಿನಲ್ಲೇ ಇರಲಿ. ದೂರದವಳಿಗೆ ವಸತಿ ಹೇಗೆಂಬ ಅವರ ಅಳುಕು ಅಲ್ಲಿಗೆ ತೀರುತ್ತದೆ. ಇದು ಒಂದು ವರ್ಷ ಮುಂಚೆಯೇ ಆಗಬೇಕು. ಏಪ್ರಿಲ್‌ನಲ್ಲಿ ಎಚ್ಚೆತ್ತರೆ ಸ್ಥಳಗಳೆಲ್ಲ ಭರ್ತಿಯಾಗಿರುತ್ತವೆ.

ಆಗ ಉಳಿಯುವುದು ಸಣ್ಣ ಕಛೇರಿಗಳು. ಏಪ್ರಿಲ್ 15 ಕಳೆದರೆ ಅಲ್ಲಿ ಕೆಲಸವೇ ಇಲ್ಲವೆಂಬುದು ತಪ್ಪು ತಿಳಿವಳಿಕೆ. ಅಕ್ಟೋಬರ್ 15ರವರೆಗೆ ಗಡುವು ವಿಸ್ತರಿಸಿಕೊಂಡವರ ತೆರಿಗೆ ಪತ್ರಗಳು ಬೇಸಗೆಯಿಡೀ ಮೇಜಿನ ಮೇಲಿರುತ್ತವೆ. ಮ್ಯಾಕ್‌ಆರ್ಥರ್ ಬಾರ್ಟ್ ನಿಲ್ದಾಣಕ್ಕೆ ಎಮರಿ ಗೋ-ರೌಂಡ್ ಬಸ್ಸು ಉಚಿತ. ಕಾರಿಲ್ಲದವರಿಗೆ ಇದೇನು ಸಣ್ಣ ಸಂಗತಿಯಲ್ಲ.

ಊರಿನಿಂದ ಎಫ್-1 ವೀಸಾದ ಮೇಲೆ ಬಂದ ಮಕ್ಕಳು ಇನ್ನಷ್ಟು ಎಚ್ಚರ ವಹಿಸಬೇಕು. ಓದಿನ ಅಂಗವಾದ ತರಬೇತಿಗೆ ಸಾಮಾನ್ಯವಾಗಿ ಒಂದು ಪೂರ್ಣ ಶೈಕ್ಷಣಿಕ ವರ್ಷ ಮುಗಿದಿರಬೇಕು. ಕಾಲೇಜಿನ ಅಧಿಕಾರಿ ಸಂಸ್ಥೆಯ ಹೆಸರನ್ನೂ ದಿನಾಂಕವನ್ನೂ ಐ-20 ಪತ್ರದಲ್ಲಿ ನಮೂದಿಸಿರಬೇಕು. ಕಛೇರಿಯವರು ಸೋಮವಾರವೇ ಬಾ ಎಂದು ಕರೆದರೂ, ಆ ಪತ್ರ ಕೈಸೇರುವ ಮುನ್ನ ಒಂದು ದಿನ ದುಡಿದರೂ ವೀಸಾಕ್ಕೇ ಕುತ್ತು.