ಹುಟ್ಟಿದ ದಿನಾಂಕವೇ ಹಣೆಬರಹವಾದಾಗ: ಅಮೆರಿಕದ ಸೇನಾ ಲಾಟರಿಯ ಕಥೆ

ಕರ್ನಾಟಕದಲ್ಲಿ 2007ರಲ್ಲಿ ನಿಷೇಧವಾಗುವವರೆಗೆ ಲಾಟರಿ ಎಂದರೆ ಬಂಪರ್ ಬಹುಮಾನದ ಕನಸು. ಆದರೆ 1969ರ ಡಿಸೆಂಬರ್ 1ರ ರಾತ್ರಿ ಅಮೆರಿಕದಲ್ಲಿ ನಡೆದ ಲಾಟರಿಯೊಂದರಲ್ಲಿ ತಮ್ಮ ಚೀಟಿ ಬೇಗ ಮೇಲೆ ಬಾರದಿರಲಿ ಎಂದು ಲಕ್ಷಾಂತರ ಯುವಕರು ಹಾರೈಸುತ್ತಿದ್ದರು. ಅಲ್ಲಿ ಮೊದಲು ಬಂದವರಿಗೆ ಸಿಗುತ್ತಿದ್ದುದು ಬಹುಮಾನವಲ್ಲ, ವಿಯೆಟ್ನಾಂ ಯುದ್ಧ ನಡೆದಿದ್ದ ಕಾಲದಲ್ಲಿ ಸೇನೆ ಸೇರಬೇಕೆಂಬ ಆದೇಶ.

ಆ ಯುವಕರು ಈಗ ಎಪ್ಪತ್ತೈದರ ಆಸುಪಾಸಿನ ಅಥವಾ ಅದನ್ನು ದಾಟಿದ ಹಿರಿಯರು. ಮದುವೆಯ ದಿನಾಂಕ ಮರೆತರೂ ಲಾಟರಿಯ ಸಂಖ್ಯೆಯನ್ನು ಮರೆಯದವರು ಅವರಲ್ಲಿ ಅನೇಕರಿದ್ದಾರೆ. ಒಂದು ಸಂಖ್ಯೆ ಒಂದು ಪೀಳಿಗೆಯ ನೆನಪಿನಲ್ಲಿ ಹೀಗೆ ಅಚ್ಚೊತ್ತಿ ಉಳಿದದ್ದು ಹೇಗೆ?

ಡ್ರಾಫ್ಟ್ ಎಂದರೇನು?

ಸೇನೆಗೆ ಕಡ್ಡಾಯವಾಗಿ ಭರ್ತಿ ಮಾಡಿಕೊಳ್ಳುವ ವ್ಯವಸ್ಥೆಗೆ ಅಮೆರಿಕನ್ನರು ಬಳಸುವ ಹೆಸರು ಡ್ರಾಫ್ಟ್. 1940ರಿಂದ 1973ರವರೆಗೆ, 1947-48ರ ಅಲ್ಪಾವಧಿಯನ್ನು ಬಿಟ್ಟರೆ, ಅದು ಅಲ್ಲಿ ಜಾರಿಯಲ್ಲಿತ್ತು. 18 ತುಂಬಿದ ಪ್ರತಿ ಯುವಕನೂ ಹೆಸರು ನೋಂದಾಯಿಸಿ, ಡ್ರಾಫ್ಟ್ ಕಾರ್ಡನ್ನು ಸದಾ ತನ್ನೊಂದಿಗೆ ಇಟ್ಟುಕೊಳ್ಳಬೇಕಿತ್ತು. ಯಾರನ್ನು ಕರೆಯಬೇಕು, ಯಾರಿಗೆ ವಿನಾಯಿತಿ ಕೊಡಬೇಕು ಎಂಬುದನ್ನು ದೇಶದಾದ್ಯಂತ ಇದ್ದ ಸುಮಾರು 4,000 ಸ್ಥಳೀಯ ಮಂಡಳಿಗಳು ತೀರ್ಮಾನಿಸುತ್ತಿದ್ದವು. ಆಯಾ ಊರಿನ ನಾಗರಿಕರೇ ಅವುಗಳ ಸದಸ್ಯರು.

ಪ್ರತಿಯೊಬ್ಬನಿಗೂ ಒಂದು ವರ್ಗ ನಿಗದಿಯಾಗುತ್ತಿತ್ತು. 1-ಎ ಎಂದರೆ ಸೇವೆಗೆ ಸಿದ್ಧ. 2-ಎಸ್ ಎಂದರೆ ವಿದ್ಯಾರ್ಥಿ, ಸದ್ಯಕ್ಕೆ ವಿನಾಯಿತಿ. 4-ಎಫ್ ಎಂದರೆ ಸೇವೆಗೆ ಅನರ್ಹ. ಆ ಕಾಲದ ಮನೆಗಳಲ್ಲಿ ಈ ಅಕ್ಷರಗಳು ಪರೀಕ್ಷೆಯ ಫಲಿತಾಂಶಕ್ಕಿಂತ ಹೆಚ್ಚಿನ ಆತಂಕವನ್ನು ಹುಟ್ಟಿಸುತ್ತಿದ್ದವು.

ಲಾಟರಿ ಏಕೆ ಬಂತು?

1965ರ ಜುಲೈ 28ರಂದು ಅಧ್ಯಕ್ಷ ಲಿಂಡನ್ ಜಾನ್ಸನ್, ತಿಂಗಳಿಗೆ 17,000 ಇದ್ದ ಕಡ್ಡಾಯ ಭರ್ತಿಯನ್ನು 35,000ಕ್ಕೆ ಏರಿಸುವುದಾಗಿ ಪ್ರಕಟಿಸಿದರು. ಅದರೊಂದಿಗೆ ವ್ಯವಸ್ಥೆಯ ಅಸಮಾನತೆಯೂ ಎದ್ದು ಕಾಣತೊಡಗಿತು. ಕಾಲೇಜಿನ ಶುಲ್ಕ ಭರಿಸಬಲ್ಲ ಮನೆಯ ಮಗ 2-ಎಸ್ ಪಡೆದು ತರಗತಿಯಲ್ಲಿ ಕುಳಿತರೆ, ಶಾಲೆ ಬಿಟ್ಟು ಕಾರ್ಖಾನೆಗೋ ಹೊಲಕ್ಕೋ ಹೋದವನು 1-ಎ ಆಗುತ್ತಿದ್ದ. ಒಂದೇ ಬಗೆಯ ಅರ್ಜಿಯನ್ನು ಒಂದು ಊರಿನ ಮಂಡಳಿ ಒಪ್ಪಿದರೆ ಇನ್ನೊಂದು ಊರಿನ ಮಂಡಳಿ ತಿರಸ್ಕರಿಸುತ್ತಿತ್ತು.

ಅನಿಶ್ಚಿತತೆಯೂ ದೀರ್ಘವಾಗಿತ್ತು. ಅರ್ಹರಲ್ಲಿ ಹಿರಿಯರನ್ನು ಮೊದಲು ಕರೆಯುವ ಪದ್ಧತಿ ಇದ್ದುದರಿಂದ 26 ತುಂಬುವವರೆಗೂ ತಲೆಯ ಮೇಲೆ ಕತ್ತಿ ತೂಗುತ್ತಲೇ ಇರುತ್ತಿತ್ತು. ಇದನ್ನು ಒಂದು ವರ್ಷಕ್ಕೆ ಇಳಿಸಿ, ಆಯ್ಕೆಯನ್ನು ಅದೃಷ್ಟಕ್ಕೆ ಬಿಡುವುದೇ ನ್ಯಾಯಸಮ್ಮತ ಎಂದು ವಾದಿಸಿದ ಅಧ್ಯಕ್ಷ ರಿಚರ್ಡ್ ನಿಕ್ಸನ್, 1969ರ ನವೆಂಬರ್‌ನಲ್ಲಿ ಲಾಟರಿಗೆ ಅವಕಾಶ ಕೊಡುವ ತಿದ್ದುಪಡಿಗೆ ಅಂಕಿತ ಹಾಕಿದರು.

ಗಾಜಿನ ಪಾತ್ರೆಯೊಳಗೆ 366 ದಿನಗಳು

ವಾಷಿಂಗ್ಟನ್‌ನಲ್ಲಿ ನಡೆದ ಲಾಟರಿ ರೇಡಿಯೊ ಮತ್ತು ದೂರದರ್ಶನದಲ್ಲಿ ನೇರವಾಗಿ ಪ್ರಸಾರವಾಯಿತು. ಫೆಬ್ರುವರಿ 29 ಸೇರಿದಂತೆ ವರ್ಷದ 366 ದಿನಾಂಕಗಳನ್ನು ಬರೆದ ಚೀಟಿಗಳು ನೀಲಿ ಪ್ಲಾಸ್ಟಿಕ್ ಕರಡಿಗೆಗಳಲ್ಲಿ ಅಡಗಿದ್ದವು. ಮೊದಲ ಕರಡಿಗೆಯನ್ನು ಎತ್ತಿದವರು ಸಂಸದ ಅಲೆಕ್ಸಾಂಡರ್ ಪಿರ್ನಿ. ಅದರಲ್ಲಿದ್ದುದು ಸೆಪ್ಟೆಂಬರ್ 14. ಅಂದರೆ 1944ರಿಂದ 1950ರವರೆಗಿನ ಯಾವುದೇ ವರ್ಷದ ಸೆಪ್ಟೆಂಬರ್ 14ರಂದು ಹುಟ್ಟಿದ, ವಿನಾಯಿತಿ ಇಲ್ಲದ ಎಲ್ಲ ಯುವಕರಿಗೂ ಮೊದಲ ಕರೆ. ಕೊನೆಗೆ ಬಂದದ್ದು ಜೂನ್ 8.

ಮುಂದಿನ ವರ್ಷ 195ನೆಯ ಸಂಖ್ಯೆಯವರೆಗೆ ಕರೆ ಹೋಯಿತು. 195 ಬಂದವನು ಪೆಟ್ಟಿಗೆ ಕಟ್ಟಬೇಕಾಯಿತು; 196 ಬಂದವನು ಎಂದಿನಂತೆ ಕೆಲಸಕ್ಕೆ ಹೋದ. ಮುಂದೆ ಅಧ್ಯಕ್ಷರಾದ ಬಿಲ್ ಕ್ಲಿಂಟನ್ ಅವರ ಆಗಸ್ಟ್ 19ಕ್ಕೆ ಬಂದ ಸಂಖ್ಯೆ 311.

ಡಿಸೆಂಬರ್‌ನಲ್ಲಿ ಹುಟ್ಟಿದವರ ದುರದೃಷ್ಟ

ಅದೃಷ್ಟವಾದರೂ ಎಲ್ಲರಿಗೂ ಸಮಾನವಾಗಿತ್ತೇ? ಅದೂ ಇರಲಿಲ್ಲ. ಜನವರಿಯ ಕರಡಿಗೆಗಳನ್ನು ಮೊದಲು ಪೆಟ್ಟಿಗೆಗೆ ಹಾಕಿ, ಆಮೇಲೆ ಫೆಬ್ರುವರಿಯದನ್ನು ಸೇರಿಸಿ ಬೆರೆಸುತ್ತಾ, ಹೀಗೆಯೇ ತಿಂಗಳಿಂದ ತಿಂಗಳಿಗೆ ಸಾಗಿದ್ದರು. ಜನವರಿಯ ಚೀಟಿಗಳು ಹಲವು ಬಾರಿ ಕಲಸಿಹೋದವು. ಕೊನೆಗೆ ಬಿದ್ದ ಡಿಸೆಂಬರ್‌ನವು ಸರಿಯಾಗಿ ಬೆರೆಯಲೇ ಇಲ್ಲ.

ಫಲಿತಾಂಶ ಸ್ಪಷ್ಟವಾಗಿತ್ತು. ಡಿಸೆಂಬರ್‌ನ 31 ದಿನಾಂಕಗಳಲ್ಲಿ 26 ದಿನಾಂಕಗಳು 195ರೊಳಗೆ ಬಂದರೆ, ಜನವರಿಯಲ್ಲಿ ಹಾಗೆ ಬಂದವು ಕೇವಲ 14. ಜನವರಿಯ ಸರಾಸರಿ ಸಂಖ್ಯೆ 201, ಡಿಸೆಂಬರ್‌ನದು 121. ಕೆಲವೇ ವಾರಗಳಲ್ಲಿ ಸಂಖ್ಯಾಶಾಸ್ತ್ರಜ್ಞರು ಇದನ್ನು ಎತ್ತಿ ತೋರಿಸಿದರು. 1970ರ ಜುಲೈ 1ರ ಎರಡನೆಯ ಲಾಟರಿಯಲ್ಲಿ ದಿನಾಂಕಕ್ಕೆ ಒಂದು, ಸಂಖ್ಯೆಗೆ ಒಂದು ಎಂದು ಎರಡು ತಿರುಗುವ ಪೀಪಾಯಿಗಳನ್ನು ಬಳಸಲಾಯಿತು. ಆದರೆ ಮೊದಲ ಲಾಟರಿಯ ಫಲ ಹಾಗೆಯೇ ಉಳಿಯಿತು. ಈ ಪ್ರಸಂಗ ಇಂದಿಗೂ ಸಂಖ್ಯಾಶಾಸ್ತ್ರದ ತರಗತಿಗಳಲ್ಲಿ ಪಾಠವಾಗಿದೆ.

ಯುವಕನ ಮುಂದಿದ್ದ ದಾರಿಗಳು

ಕರೆ ಬಂದವನಿಗೆ ದಾರಿಗಳು ಕೆಲವೇ. ಆದೇಶಕ್ಕೆ ತಲೆಬಾಗುವುದು ಮೊದಲನೆಯದು. ಹೇಗೂ ಹೋಗಲೇಬೇಕೆಂದು ಮುಂಚಿತವಾಗಿ ತಾವೇ ಸೇರಿ, ನೌಕಾಪಡೆಯನ್ನೋ ವಾಯುಪಡೆಯನ್ನೋ ಆರಿಸಿಕೊಂಡವರು ಬಹಳ ಮಂದಿ. ದಾಖಲೆಯಲ್ಲಿ ಅವರು ಸ್ವಯಂಪ್ರೇರಿತರು. ಆತ್ಮಸಾಕ್ಷಿಯ ಕಾರಣಕ್ಕೆ ಯುದ್ಧವನ್ನು ನಿರಾಕರಿಸುವ ಅರ್ಜಿ ಮತ್ತೊಂದು ದಾರಿ. ಅದಕ್ಕೆ ಧಾರ್ಮಿಕ ನಂಬಿಕೆಯೇ ಬೇಕಿಲ್ಲ, ದೃಢವಾದ ನೈತಿಕ ನಿಲುವೂ ಸಾಕು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1970ರಲ್ಲಿ ಹೇಳಿತು. ಕೆನಡಾಕ್ಕೆ ಗಡಿ ದಾಟಿದವರು ಸಾವಿರಾರು. ಉಳಿದದ್ದು ಜೈಲು.

ಬಾಕ್ಸಿಂಗ್ ಚಾಂಪಿಯನ್ ಮಹಮ್ಮದ್ ಅಲಿ ಆಯ್ದುಕೊಂಡದ್ದು ಬಹಿರಂಗ ನಿರಾಕರಣೆ. ಭರ್ತಿ ಕೇಂದ್ರದಲ್ಲಿ ಹೆಸರು ಕರೆದಾಗ ಒಂದು ಹೆಜ್ಜೆ ಮುಂದಿಟ್ಟರೆ ಸೈನಿಕನಾದಂತೆ. 1967ರ ಏಪ್ರಿಲ್ 28ರಂದು ಹೂಸ್ಟನ್‌ನಲ್ಲಿ ಅಲಿ ಆ ಹೆಜ್ಜೆಯನ್ನು ಇಡಲಿಲ್ಲ. ಪದವಿ ಕೈಬಿಟ್ಟುಹೋಯಿತು, ಐದು ವರ್ಷ ಜೈಲು, 10,000 ಡಾಲರ್ ದಂಡ ವಿಧಿಸಲಾಯಿತು. 1971ರ ಜೂನ್ 28ರಂದು ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ರದ್ದುಗೊಳಿಸಿತು. ಮೇಲ್ಮನವಿಯ ಕಾಲದಲ್ಲಿ ಅವರು ಜೈಲಿನ ಹೊರಗಿದ್ದರೂ, ಕ್ರೀಡಾಜೀವನದ ಮೂರಕ್ಕೂ ಹೆಚ್ಚು ಅಮೂಲ್ಯ ವರ್ಷಗಳು ಕಳೆದುಹೋಗಿದ್ದವು.

ಇದಕ್ಕೆ ತದ್ವಿರುದ್ಧ ಕಥೆ ಲೇಖಕ ಟಿಮ್ ಓಬ್ರಿಯನ್ ಅವರದು. ಲಾಟರಿಗೂ ಮುನ್ನ, 1968ರಲ್ಲಿ ಪದವಿ ಮುಗಿಯುತ್ತಲೇ ಅವರಿಗೆ ಆದೇಶ ಬಂತು. ಯುದ್ಧ ತಪ್ಪು ಎಂದು ನಂಬಿದ್ದರೂ ಅವರು ಹೋದರು. ಓಡಿಹೋದರೆ ಹೆತ್ತವರಿಗೆ, ಊರವರಿಗೆ ಮುಖ ತೋರಿಸುವುದು ಹೇಗೆ ಎಂಬ ಅಂಜಿಕೆಯೇ ತಮ್ಮನ್ನು ಹೊರಡಿಸಿತೆಂದು ಅವರು ಮುಂದೆ ಹೇಳಿಕೊಂಡಿದ್ದಾರೆ. ಹೋದದ್ದು ಧೈರ್ಯವೋ, ಹೋಗದಿದ್ದದ್ದು ಧೈರ್ಯವೋ ಎಂಬ ಪ್ರಶ್ನೆ ಆ ಪೀಳಿಗೆಯನ್ನು ಇನ್ನೂ ಬಿಟ್ಟಿಲ್ಲ. ಹೋಗದೆ ಉಳಿದವರಿಗೂ ತಮ್ಮ ಬದಲಿಗೆ ಹೋದವನು ಯಾರು ಎಂಬ ಅಳುಕು ಇದ್ದೇ ಇದೆ.

ಕೊನೆಗೊಂಡದ್ದು ಹೇಗೆ?

1964ರಿಂದ 1973ರವರೆಗೆ ಸುಮಾರು 22 ಲಕ್ಷ ಮಂದಿಯನ್ನು ಹೀಗೆ ಸೇನೆಗೆ ಸೇರಿಸಲಾಯಿತು. ಯುದ್ಧದಲ್ಲಿ ಮಡಿದ 58 ಸಾವಿರಕ್ಕೂ ಹೆಚ್ಚು ಅಮೆರಿಕನ್ ಸೈನಿಕರ ಪೈಕಿ 17 ಸಾವಿರಕ್ಕೂ ಹೆಚ್ಚು ಮಂದಿ ಕಡ್ಡಾಯ ಭರ್ತಿಯಿಂದ ಬಂದವರು. ವಿಯೆಟ್ನಾಮೀಯರ ಸಾವು ಹಲವು ಲಕ್ಷಗಳ ಲೆಕ್ಕದ್ದು.

18ನೇ ವಯಸ್ಸಿಗೆ ಯುದ್ಧಕ್ಕೆ ಕಳಿಸಬಹುದಾದರೆ ಮತದಾನದ ಹಕ್ಕು ಏಕಿಲ್ಲ ಎಂಬ ವಾದಕ್ಕೆ ಬಲ ಬಂದು, 1971ರಲ್ಲಿ ಸಂವಿಧಾನದ ತಿದ್ದುಪಡಿಯ ಮೂಲಕ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. 1973ರ ಮಧ್ಯಭಾಗದಲ್ಲಿ ಕಡ್ಡಾಯ ಭರ್ತಿಯೇ ನಿಂತಿತು. ಆದೇಶ ತಪ್ಪಿಸಿಕೊಂಡವರಿಗೆ ಅಧ್ಯಕ್ಷ ಜಿಮ್ಮಿ ಕಾರ್ಟರ್ 1977ರ ಜನವರಿ 21ರಂದು ಕ್ಷಮಾದಾನ ನೀಡಿದರು.

ಕನ್ನಡಿಗರಿಗೇನು ಸಂಬಂಧ?

ಭಾರತದ ಸೇನೆ ಮೊದಲಿನಿಂದಲೂ ಸ್ವಇಚ್ಛೆಯಿಂದ ಸೇರಿದವರದು. ಸಾರ್ವಜನಿಕ ಉದ್ದೇಶಕ್ಕಾಗಿ ಕಡ್ಡಾಯ ಸೇವೆ ವಿಧಿಸಲು ಸಂವಿಧಾನದ 23(2)ನೇ ವಿಧಿ ಅವಕಾಶ ನೀಡಿದ್ದರೂ ಸೇನೆಗೆ ಅದನ್ನು ಬಳಸಿಲ್ಲ. ಚೀನಾ ಯುದ್ಧದ ಬಳಿಕ 1963ರಲ್ಲಿ ಕಾಲೇಜುಗಳಲ್ಲಿ ಎನ್‌ಸಿಸಿಯನ್ನು ಕಡ್ಡಾಯಗೊಳಿಸಿ, 1968ರಲ್ಲಿ ಮತ್ತೆ ಐಚ್ಛಿಕಗೊಳಿಸಿದ್ದೇ ನಾವು ಕಂಡ ಹತ್ತಿರದ ಅನುಭವ.

ಆದರೆ ಅಮೆರಿಕದಲ್ಲಿ ನೆಲೆಸಿರುವ ನಮ್ಮವರಿಗೆ ಈ ವಿಷಯ ಕೇವಲ ಇತಿಹಾಸವಲ್ಲ. ಕರೆ ನಿಂತರೂ ಹೆಸರು ದಾಖಲಿಸುವ ಪದ್ಧತಿಯನ್ನು ಕಾರ್ಟರ್ 1980ರಲ್ಲಿ ಮರಳಿ ತಂದರು. 18ರಿಂದ 25ರ ವಯೋಮಾನದ ಪುರುಷರ ಹೆಸರು ಆ ಪಟ್ಟಿಯಲ್ಲಿರಬೇಕು. ಅಲ್ಲಿಯೇ ಹುಟ್ಟಿದ ಕನ್ನಡಿಗರ ಮಕ್ಕಳಷ್ಟೇ ಅಲ್ಲ, ಗ್ರೀನ್ ಕಾರ್ಡ್ ಹೊಂದಿದ ಯುವಕರೂ ಇದಕ್ಕೆ ಒಳಪಡುತ್ತಾರೆ. ಎಚ್-1ಬಿ ಅಥವಾ ವಿದ್ಯಾರ್ಥಿ ವೀಸಾದಲ್ಲಿ ಇರುವವರಿಗೆ, ವೀಸಾ ಊರ್ಜಿತದಲ್ಲಿ ಇರುವವರೆಗೆ, ಇದು ಅನ್ವಯಿಸುವುದಿಲ್ಲ. ಗೊತ್ತಿದ್ದೂ ತಪ್ಪಿಸಿಕೊಂಡರೆ ಮುಂದೆ ಪೌರತ್ವದ ಅರ್ಜಿಗೆ ತೊಡಕಾಗಬಹುದು.

ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಯಾರೂ ಸೈನಿಕರಾಗುವುದಿಲ್ಲ. ಕಡ್ಡಾಯ ಭರ್ತಿ ಮತ್ತೆ ಆರಂಭವಾಗಬೇಕಾದರೆ ಅಲ್ಲಿನ ಸಂಸತ್ತು ಹೊಸ ಕಾನೂನನ್ನು ಅಂಗೀಕರಿಸಬೇಕು. ಹಾಗೇನಾದರೂ ಆದಲ್ಲಿ, ಯಾರ ಮಗ ಮೊದಲು ಹೋಗಬೇಕು ಎಂಬುದನ್ನು ಆಗಲೂ ತೀರ್ಮಾನಿಸುವುದು ಹುಟ್ಟಿದ ದಿನಾಂಕದ ಲಾಟರಿಯೇ. ಆ ವರ್ಷ 20 ತುಂಬುವವರ ಸರದಿ ಮೊದಲು.