ದೂರವಿದ್ದು ಒಟ್ಟಾಗಿ ದುಡಿಯುವವರಿಗೆ ಬೇಕಾದ ಕೌಶಲಗಳು

2020ರ ಮಾರ್ಚ್ 25ರಿಂದ ದೇಶದಾದ್ಯಂತ ಲಾಕ್‌ಡೌನ್ ಜಾರಿಯಾದ ಬಳಿಕ, ಬೆಂಗಳೂರು, ಮುಂಬೈಗಳ ಕಚೇರಿಗಳಲ್ಲಿ ದುಡಿಯುತ್ತಿದ್ದ ಕರಾವಳಿಯ ಅನೇಕ ಯುವಕ ಯುವತಿಯರು ಊರಿನ ಮನೆಯಲ್ಲೇ ಕುಳಿತು ಕೆಲಸ ಮಾಡುವುದನ್ನು ನಾವೆಲ್ಲರೂ ಕಂಡಿದ್ದೇವೆ. ಆ ಸಂಕಷ್ಟದ ಕಾಲ ಮುಗಿದರೂ ಈ ಪದ್ಧತಿ ಪೂರ್ತಿಯಾಗಿ ನಿಂತಿಲ್ಲ. ಕೆಲವರು ವಾರದಲ್ಲಿ ಎರಡು ಮೂರು ದಿನ ಮಾತ್ರ ಕಚೇರಿಗೆ ಹೋಗುತ್ತಾರೆ. ಇನ್ನು ಕೆಲವರು ಎಂದೂ ಮುಖಾಮುಖಿ ಭೇಟಿಯಾಗದವರೊಂದಿಗೆ ವರ್ಷಗಟ್ಟಲೆ ಒಂದೇ ತಂಡದಲ್ಲಿ ದುಡಿಯುತ್ತಾರೆ.

ಕೆಲಸ ಗೊತ್ತಿದೆ, ಲ್ಯಾಪ್‌ಟಾಪ್ ಇದೆ, ಮನೆಗೆ ಇಂಟರ್ನೆಟ್ ಬಂದಿದೆ. ಇನ್ನೇನು ಬೇಕು ಎಂದು ಕೇಳುವವರಿದ್ದಾರೆ. ಬೇಕಾದದ್ದು ಇನ್ನೂ ಇದೆ. ಅದನ್ನೇ ಇಂದು ಸಾಫ್ಟ್ ಸ್ಕಿಲ್ಸ್ ಅಥವಾ ಮೃದು ಕೌಶಲಗಳು ಎನ್ನುತ್ತಾರೆ.

ಮೃದು ಕೌಶಲ ಎಂದರೇನು?

ಈ ಪದ ಮೊದಲು ಬಳಕೆಗೆ ಬಂದದ್ದು ಅಮೆರಿಕದ ಸೇನೆಯ ತರಬೇತಿ ವಿಭಾಗದಲ್ಲಿ. ಯಂತ್ರಗಳನ್ನು ನಡೆಸುವ ಕೌಶಲ ಒಂದು ಬಗೆ, ಜನರೊಂದಿಗೆ ವ್ಯವಹರಿಸುವ ಕೌಶಲ ಇನ್ನೊಂದು ಬಗೆ ಎಂದು ವಿಂಗಡಿಸಿದ ಸೇನೆಯು 1972ರಲ್ಲಿ ಈ ಬಗ್ಗೆ ಒಂದು ಸಮ್ಮೇಳನವನ್ನೇ ನಡೆಸಿತ್ತು. ಸ್ಪಷ್ಟವಾಗಿ ಹೇಳುವುದು, ತಾಳ್ಮೆಯಿಂದ ಆಲಿಸುವುದು, ಸಂದೇಹವಿದ್ದರೆ ಕೇಳುವುದು, ಕೊಟ್ಟ ಮಾತಿನಂತೆ ನಡೆಯುವುದು, ಭಿನ್ನಾಭಿಪ್ರಾಯವನ್ನು ಜಗಳವಾಗದಂತೆ ಪರಿಹರಿಸುವುದು ಇವೆಲ್ಲವೂ ಇದರಲ್ಲಿ ಸೇರಿವೆ. ಹೆಸರು ಮೃದುವಾದರೂ ಕೆಲಸ ಸುಲಭವಲ್ಲ.

ಒಂದೇ ಕಚೇರಿಯಲ್ಲಿರುವವರಿಗೆ ಈ ಕೌಶಲ ಸ್ವಲ್ಪ ಕಡಿಮೆಯಿದ್ದರೂ ಹೇಗೋ ನಡೆಯುತ್ತದೆ. ಎದುರಿನವರ ಮುಖ ನೋಡಿದರೆ ಅರ್ಧ ವಿಷಯ ತಿಳಿಯುತ್ತದೆ. ಉಳಿದರ್ಧ ಚಹಾ ಕುಡಿಯುವಾಗ ಮಾತಿನಲ್ಲಿ ತಿಳಿಯುತ್ತದೆ. ದೂರದಲ್ಲಿರುವವರಿಗೆ ಈ ಎರಡೂ ಅನುಕೂಲಗಳಿಲ್ಲ. ಹೇಳದೆ ಉಳಿದದ್ದು ಹಾಗೆಯೇ ಉಳಿದುಬಿಡುತ್ತದೆ.

ಮಂಗಳ ಗ್ರಹದ ಪಾಠ

ಹೇಳದೆ ಉಳಿದ ಮಾತು ಎಷ್ಟು ದುಬಾರಿಯಾಗಬಹುದು ಎಂಬುದಕ್ಕೆ ನಾಸಾ ಸಂಸ್ಥೆಯ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಎಂಬ ನೌಕೆಯ ಕಥೆಯೇ ಸಾಕ್ಷಿ. 1998ರ ಡಿಸೆಂಬರ್ 11ರಂದು ಹಾರಿದ ಈ ನೌಕೆಯನ್ನು ಎರಡು ತಂಡಗಳು ನೋಡಿಕೊಳ್ಳುತ್ತಿದ್ದವು. ನೌಕೆಯನ್ನು ನಿರ್ಮಿಸಿದ ಲಾಕ್‌ಹೀಡ್ ಮಾರ್ಟಿನ್ ಕಂಪನಿಯ ತಂಡ ಕೊಲೊರಾಡೊ ರಾಜ್ಯದಲ್ಲಿತ್ತು. ದಾರಿ ಲೆಕ್ಕಹಾಕುವ ತಂಡ ಕ್ಯಾಲಿಫೋರ್ನಿಯಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿತ್ತು. ಎರಡೂ ಕಡೆ ಇದ್ದವರು ನುರಿತ ತಜ್ಞರು.

ನೌಕೆಯ ಸಣ್ಣ ಎಂಜಿನ್‌ಗಳ ಬಲದ ಲೆಕ್ಕವನ್ನು ಒಂದು ಕಡೆಯ ಸಾಫ್ಟ್‌ವೇರ್ ಪೌಂಡ್ ಅಳತೆಯಲ್ಲಿ ಕೊಡುತ್ತಿತ್ತು. ಇನ್ನೊಂದು ಕಡೆಯವರು ಅದನ್ನು ನ್ಯೂಟನ್ ಅಳತೆ ಎಂದೇ ತಿಳಿದು ಬಳಸುತ್ತಿದ್ದರು. ಒಂದಕ್ಕೂ ಇನ್ನೊಂದಕ್ಕೂ ಸುಮಾರು ನಾಲ್ಕೂವರೆ ಪಟ್ಟು ವ್ಯತ್ಯಾಸ. 1999ರ ಸೆಪ್ಟೆಂಬರ್ 23ರಂದು ಮಂಗಳದ ಮೇಲೆ ಸುಮಾರು 226 ಕಿ.ಮೀ. ಎತ್ತರದಲ್ಲಿ ಸಾಗಬೇಕಿದ್ದ ನೌಕೆ ಸುಮಾರು 57 ಕಿ.ಮೀ. ಎತ್ತರಕ್ಕೆ ಇಳಿದು ನಾಶವಾಯಿತು. 12 ಕೋಟಿ ಡಾಲರ್‌ಗೂ ಮಿಕ್ಕಿ ಬೆಲೆಬಾಳುವ ನೌಕೆಯದು.

ನಾವು ಗಮನಿಸಬೇಕಾದ ವಿಷಯ ಮುಂದಿದೆ. ಲೆಕ್ಕ ಸರಿಹೊಂದುತ್ತಿಲ್ಲ ಎಂಬುದು ಪ್ರಯಾಣದ ನಡುವೆಯೇ ಕೆಲವರ ಗಮನಕ್ಕೆ ಬಂದಿತ್ತು. ಆದರೆ ಅದನ್ನು ದೋಷವೆಂದು ಕ್ರಮಬದ್ಧವಾಗಿ ದಾಖಲಿಸುವ ಬದಲು ಇಮೇಲ್‌ನಲ್ಲೇ ಬಗೆಹರಿಸಲು ನೋಡಿದರು ಎಂದು ತನಿಖಾ ಮಂಡಳಿ ಹೇಳಿತು. ತಂಡಗಳ ನಡುವಣ ಸಂವಹನ ಸಾಲದಾಗಿತ್ತು ಎಂಬುದನ್ನೂ ಅದು ಕಾರಣಗಳಲ್ಲಿ ಸೇರಿಸಿತು. ಗಣಿತ ಬಲ್ಲವರ ಕೊರತೆ ಅಲ್ಲಿರಲಿಲ್ಲ. "ನೀವು ಕೊಡುತ್ತಿರುವ ಅಂಕಿ ಯಾವ ಅಳತೆಯದು?" ಎಂಬ ಒಂದು ಸರಳ ಪ್ರಶ್ನೆಯ ಕೊರತೆಯಿತ್ತು.

ಬರೆದದ್ದು ಬೇರೆ, ತಲುಪಿದ್ದು ಬೇರೆ

ದೂರದ ತಂಡದಲ್ಲಿ ಹೆಚ್ಚಿನ ಮಾತು ಬರಹದಲ್ಲೇ ನಡೆಯುತ್ತದೆ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಜಸ್ಟಿನ್ ಕ್ರೂಗರ್, ನಿಕೋಲಸ್ ಎಪ್ಲಿ ಮತ್ತು ಸಂಗಡಿಗರು ವಿದ್ಯಾರ್ಥಿಗಳಿಂದ ಇಮೇಲ್ ಬರೆಸಿದರು. ಕೆಲವು ಮಾತು ಗಂಭೀರ, ಕೆಲವು ವ್ಯಂಗ್ಯ. 100ರಲ್ಲಿ 78 ಸಲ ಓದುವವರಿಗೆ ಸರಿಯಾಗಿ ಅರ್ಥವಾಗುತ್ತದೆಂದು ಬರೆದವರು ನಂಬಿದ್ದರು. ನಿಜವಾಗಿ ಅರ್ಥವಾದದ್ದು 56 ಸಲ ಮಾತ್ರ. ಕಣ್ಣು ಮುಚ್ಚಿ ಊಹಿಸಿದ್ದರೂ 50 ಸಲ ಸರಿಯಾಗುತ್ತಿತ್ತು!

ಆದುದರಿಂದ ಬರೆಯುವಾಗ ಎರಡು ಪದ ಹೆಚ್ಚಾದರೂ ಚಿಂತೆಯಿಲ್ಲ, ಸ್ಪಷ್ಟತೆ ಇರಲಿ. "ಆ ಕೆಲಸ ಇನ್ನೂ ಆಗಿಲ್ಲವಾ?" ಎಂಬ ಸಂದೇಶ ಓದುವವರಿಗೆ ಗದರಿಕೆಯಂತೆ ಕೇಳಬಹುದು. "ಮಂಗಳವಾರ ಸಂಜೆ 5 ಗಂಟೆಯೊಳಗೆ ಆ ಪಟ್ಟಿ ಸಿಗಬಹುದೇ? ತೊಂದರೆಯಿದ್ದರೆ ತಿಳಿಸಿ, ಬೇರೆ ವ್ಯವಸ್ಥೆ ಮಾಡೋಣ" ಎಂದರೆ ಕೆಲಸವೂ ತಿಳಿಯುತ್ತದೆ, ಮನಸ್ಸೂ ನೋಯುವುದಿಲ್ಲ. ಎರಡು ಮೂರು ಸಂದೇಶಗಳಲ್ಲಿ ಬಗೆಹರಿಯದ ವಿಷಯಕ್ಕೆ ಫೋನ್ ಮಾಡುವುದೇ ಉತ್ತಮ. ಮಾತಾಡಿದ ಮೇಲೆ ತೀರ್ಮಾನವನ್ನು ಎರಡು ಸಾಲಿನಲ್ಲಿ ಬರೆದು ಎಲ್ಲರಿಗೂ ಕಳುಹಿಸಬೇಕು.

ಗಡಿಯಾರದ ಅರಿವೂ ಸೌಜನ್ಯದ ಭಾಗವೇ. ನಮ್ಮಲ್ಲಿ ಬೆಳಿಗ್ಗೆ 10 ಗಂಟೆಯಾದಾಗ ದುಬೈಯಲ್ಲಿ 8.30, ಕುವೈತಿನಲ್ಲಿ 7.30. ನ್ಯೂಯಾರ್ಕಿನಲ್ಲಿ ಚಳಿಗಾಲವಾದರೆ ಹಿಂದಿನ ರಾತ್ರಿ 11.30. ನಮಗೆ ರಜೆಯಾದ ಭಾನುವಾರ ಕುವೈತಿನವರಿಗೆ ಕೆಲಸದ ದಿನ. ಉತ್ತರ ತಡವಾದರೆ ಅಲಕ್ಷ್ಯ ಎಂದು ಭಾವಿಸುವ ಮೊದಲು ಅವರಲ್ಲಿ ಈಗ ಎಷ್ಟು ಗಂಟೆ ಎಂದು ನೋಡುವುದು ಒಳ್ಳೆಯದು.

ಹೆದರಿಕೆಯಿಲ್ಲದೆ ಹೇಳುವ ವಾತಾವರಣ

ಸಂದೇಹ ಕೇಳಿದರೆ ದಡ್ಡ ಎನ್ನುತ್ತಾರೆ, ತಪ್ಪು ತಿಳಿಸಿದರೆ ಬೈಗುಳ ಸಿಗುತ್ತದೆ ಎಂಬ ಭಯವಿದ್ದಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಈ ಭಯವಿಲ್ಲದ ಸ್ಥಿತಿಯನ್ನು ಹಾರ್ವರ್ಡ್‌ನ ಪ್ರಾಧ್ಯಾಪಕಿ ಏಮಿ ಎಡ್ಮಂಡ್ಸನ್ 1999ರ ತಮ್ಮ ಪ್ರಬಂಧದಲ್ಲಿ ಮಾನಸಿಕ ಸುರಕ್ಷತೆ ಎಂದು ವಿವರಿಸಿದರು. ಮುಂದೆ ಗೂಗಲ್ ಕಂಪನಿ ತನ್ನ 180 ತಂಡಗಳನ್ನು ಪರಿಶೀಲಿಸಿತು. ತಂಡದಲ್ಲಿ ಎಂಥ ಬುದ್ಧಿವಂತರಿದ್ದಾರೆ ಎಂಬುದಕ್ಕಿಂತ ಅವರು ಒಬ್ಬರೊಡನೊಬ್ಬರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದೇ ಮುಖ್ಯ ಎಂದು ಕಂಡುಬಂತು. ಮಾನಸಿಕ ಸುರಕ್ಷತೆ ಅದರಲ್ಲಿ ಮೊದಲ ಸ್ಥಾನ ಪಡೆಯಿತು.

ವಿಡಿಯೊ ಸಭೆಯಲ್ಲಿ ಇಬ್ಬರೇ ಮಾತಾಡಿ ಉಳಿದವರು ಸುಮ್ಮನಿದ್ದರೆ ಅದನ್ನು ಒಪ್ಪಿಗೆ ಎಂದು ತಿಳಿಯಬಾರದು. ಸಭೆ ನಡೆಸುವವರು ಒಬ್ಬೊಬ್ಬರನ್ನೂ ಹೆಸರು ಹಿಡಿದು ಕೇಳಬೇಕು. ತಪ್ಪು ತಿಳಿಸಿದವರಿಗೆ ಮೊದಲು ಧನ್ಯವಾದ ಹೇಳಬೇಕು. ತಿದ್ದುವ ಮಾತನ್ನು ಎಲ್ಲರೂ ನೋಡುವ ಗುಂಪಿನಲ್ಲಿ ಹಾಕದೆ, ಸಂಬಂಧಪಟ್ಟವರಿಗೆ ಮಾತ್ರ ಹೇಳಬೇಕು.

ಒಂಟಿತನವನ್ನು ಮರೆಯಬಾರದು

ಚೀನಾದ ಸಿಟ್ರಿಪ್ ಎಂಬ ಪ್ರವಾಸ ಕಂಪನಿಯ ನೌಕರರ ಮೇಲೆ ನಿಕೋಲಸ್ ಬ್ಲೂಮ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗದ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಒಂಬತ್ತು ತಿಂಗಳು ಮನೆಯಿಂದ ದುಡಿದವರ ಕೆಲಸ ಶೇ. 13ರಷ್ಟು ಹೆಚ್ಚಿತ್ತು. ಆದರೂ ಆಮೇಲೆ ಆಯ್ಕೆಯ ಅವಕಾಶ ಕೊಟ್ಟಾಗ ಅನೇಕರು ಕಚೇರಿಗೇ ಮರಳಿದರು. ಒಂಟಿತನವೇ ಇದರ ಒಂದು ಮುಖ್ಯ ಕಾರಣ. ಅಷ್ಟೇ ಚೆನ್ನಾಗಿ ಕೆಲಸ ಮಾಡಿದರೂ ಮನೆಯಲ್ಲಿದ್ದವರಿಗೆ ಬಡ್ತಿಯ ಅವಕಾಶ ಕಡಿಮೆಯಾಗಿತ್ತು. ಕಣ್ಣೆದುರಿಗಿಲ್ಲದವರನ್ನು ಮರೆಯುವುದು ಸುಲಭ.

ನಮ್ಮ ಮನೆಗಳಲ್ಲಿಯೂ ಇದನ್ನು ಗಮನಿಸಬೇಕು. ಬಾಗಿಲು ಹಾಕಿ ಕುಳಿತ ಮಗಳು ಮನೆಯಲ್ಲೇ ಇದ್ದಾಳೆ, ಆದರೆ ಕೆಲಸದಲ್ಲಿದ್ದಾಳೆ. ಸಭೆಯ ನಡುವೆ ಅಂಗಡಿಗೆ ಹೋಗಿ ಬಾ ಎನ್ನುವುದು ತರವಲ್ಲ. ಹಾಗೆಯೇ ಇಡೀ ದಿನ ಪರದೆಯ ಮುಂದೆ ಕುಳಿತವರನ್ನು ಸಂಜೆಗೆ ನಾಲ್ಕು ಜನರ ನಡುವೆ ಕರೆತರುವ ಹೊಣೆ ಮನೆಯವರಿಗೂ ನೆರೆಕರೆಗೂ ಇದೆ. ವಾಳೆಯ ಕೂಟ, ಯುವಜನರ ಸಂಘಟನೆ, ಗಾಯನ ಮಂಡಳಿಯ ಅಭ್ಯಾಸ ಇವೆಲ್ಲ ಇಂಥವರಿಗೆ ದೊಡ್ಡ ಆಸರೆ.

ನಮ್ಮ ಚರ್ಚ್‌ಗಳಲ್ಲಿ

ಇದು ಕಂಪನಿಗಳಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ. ಚರ್ಚ್ ಪಾಲನಾ ಮಂಡಳಿಯ ಸೂಚನೆಗಳು ಇಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರುತ್ತವೆ. ವಾರ್ಷಿಕ ಹಬ್ಬದ ತಯಾರಿಯ ಚರ್ಚೆಯಲ್ಲಿ ಗಲ್ಫಿನಲ್ಲಿರುವ ಊರವರೂ ಸೇರುತ್ತಾರೆ. ನಾವೂ ದೂರದ ತಂಡಗಳೇ ಆಗಿದ್ದೇವೆ. ಅವಸರದಲ್ಲಿ ಬರೆದ ಒಂದು ಸಾಲಿನಿಂದ ಹಳೆಯ ಸ್ನೇಹ ಕೆಡಬಹುದು. ಯಾರು ಏನು ಮಾಡಬೇಕು ಎಂದು ಬರೆಯದ ಕಾರಣ ಒಂದೇ ಕೆಲಸವನ್ನು ಇಬ್ಬರು ಮಾಡಿ, ಇನ್ನೊಂದು ಕೆಲಸ ಹಾಗೆಯೇ ಉಳಿಯಬಹುದು.

ಆದುದರಿಂದ ಪ್ರತಿ ಗುಂಪಿನಲ್ಲಿ ಕೆಲವು ಸರಳ ನಿಯಮಗಳನ್ನು ಪಾಲಿಸೋಣ. ಸೂಚನೆಯಲ್ಲಿ ಕೆಲಸ, ಹೊಣೆ ಹೊತ್ತವರ ಹೆಸರು, ದಿನಾಂಕ ಮೂರೂ ಇರಲಿ. ಓದಿದವರು ಓದಿದ್ದೇನೆ ಎಂದು ತಿಳಿಸಲಿ. ಆಗದ ಕೆಲಸವನ್ನು ಆಗದು ಎಂದು ಮೊದಲೇ ಹೇಳಲಿ. ಕೋಪ ಬಂದಾಗ ಬರೆದದ್ದನ್ನು ಮರುದಿನ ಬೆಳಿಗ್ಗೆ ಇನ್ನೊಮ್ಮೆ ಓದಿ ಕಳುಹಿಸಲಿ. ಸ್ಮಾರ್ಟ್‌ಫೋನ್ ಇಲ್ಲದ ಹಿರಿಯರಿಗೆ ವಾಳೆಯ ಗುರಿಕಾರರು ಬಾಯಿಮಾತಿನಲ್ಲಿ ಸುದ್ದಿ ಮುಟ್ಟಿಸಲಿ.

ಪತ್ರ, ಟ್ರಂಕ್ ಕಾಲ್‌ಗಳ ಕಾಲದಲ್ಲೂ ಮುಂಬೈ, ಗಲ್ಫ್‌ಗಳಲ್ಲಿದ್ದವರೊಂದಿಗೆ ಕುಟುಂಬದ ಬಾಂಧವ್ಯ ಉಳಿಸಿಕೊಂಡ ಜನ ನಾವು. ಒಂದು ಪತ್ರಕ್ಕಾಗಿ ವಾರಗಟ್ಟಲೆ ಕಾದು, ಬಂದ ಪತ್ರವನ್ನು ಮತ್ತೆ ಮತ್ತೆ ಓದಿ, ಯೋಚಿಸಿ ಉತ್ತರ ಬರೆಯುತ್ತಿದ್ದ ಹಿರಿಯರ ಆ ತಾಳ್ಮೆಯನ್ನು ನಮ್ಮ ಮಕ್ಕಳಿಗೆ ಕಂಪ್ಯೂಟರ್ ವಿದ್ಯೆಯ ಜೊತೆಗೇ ಕಲಿಸೋಣ.