ಮನೆ ಮಾರಾಟದ ಬದಲಾದ ರೀತಿ: ಖರೀದಿದಾರರು ತಿಳಿದಿರಬೇಕಾದ ಸಂಗತಿಗಳು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬುದು ಕನ್ನಡ ನಾಡಿನ ಹಳೆಯ ಮಾತು. ಈ ಎರಡು ಕಾರ್ಯಗಳಲ್ಲಿ ಮನುಷ್ಯನ ಹಣ, ತಾಳ್ಮೆ, ವಿವೇಕಗಳೆಲ್ಲವೂ ಪರೀಕ್ಷೆಗೆ ಒಳಗಾಗುತ್ತವೆ ಎಂಬುದು ಅದರ ತಾತ್ಪರ್ಯ. ಆದರೆ ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಯಂತಹ ನಗರಗಳಲ್ಲಿ ನೆಲೆಸಿರುವವರ ಪೈಕಿ ಸ್ವತಃ ನಿಂತು ಮನೆ ಕಟ್ಟಿಸುವವರು ಇಂದು ವಿರಳ. ಇತರರು ಕಟ್ಟಿದ, ಅಥವಾ ಕಟ್ಟಿಕೊಡುವುದಾಗಿ ಹೇಳಿದ ಮನೆಯನ್ನು ಕೊಳ್ಳುವುದೇ ವಾಡಿಕೆಯಾಗಿದೆ. ಹೀಗಾಗಿ ‘ಕಟ್ಟಿ ನೋಡು’ ಎಂಬ ಮಾತು ‘ಕೊಂಡು ನೋಡು’ ಎಂದಾಗಿದೆ. ಪರೀಕ್ಷೆ ಮಾತ್ರ ಹಗುರವಾಗಿಲ್ಲ.

ಕಟ್ಟಿಸುವವನು ಇಟ್ಟಿಗೆ, ಸಿಮೆಂಟು, ಕೂಲಿಗಳನ್ನು ಕಣ್ಣಾರೆ ಕಾಣುತ್ತಾನೆ. ಕೊಳ್ಳುವವನು ಮೊದಲು ಕಾಣುವುದು ಜಾಹೀರಾತನ್ನು. ಆದುದರಿಂದ ಗೃಹನಿರ್ಮಾಣ ಉದ್ಯಮವು ತನ್ನ ಸರಕನ್ನು ಹೇಗೆ ಮಾರುತ್ತದೆ, ಅದಕ್ಕೆ ಬೇಕಾದ ಬಂಡವಾಳ ಎಲ್ಲಿಂದ ಬರುತ್ತದೆ, ಕಾನೂನು ಎಲ್ಲಿ ರಕ್ಷಣೆ ನೀಡುತ್ತದೆ ಎಂಬುದನ್ನು ಅರಿಯುವುದು ಸಾಮಾನ್ಯ ನಾಗರಿಕರಿಗೂ ಅವಶ್ಯವಾಗಿದೆ.

ಸಹಕಾರದಿಂದ ವ್ಯಾಪಾರದೆಡೆಗೆ

ನಗರದ ವಸತಿ ಎಂಬುದು ಆರಂಭದಲ್ಲಿ ಸಂಪೂರ್ಣವಾಗಿ ಮಾರುಕಟ್ಟೆಯ ವಿಷಯವಾಗಿರಲಿಲ್ಲ. ಕನ್ನಡ ಕರಾವಳಿಯಿಂದ ಉದ್ಯೋಗ ಅರಸಿ ಮುಂಬಯಿಗೆ ಬಂದ ಸಾರಸ್ವತ ಕುಟುಂಬಗಳ ವಸತಿಗಾಗಿ, ರಾವ್ ಬಹಾದ್ದೂರ್ ಶ್ರೀಪಾದ ಸುಬ್ಬರಾವ್ ತಲ್ಮಕಿ ಅವರ ಮುಂದಾಳುತನದಲ್ಲಿ 1915ರಲ್ಲಿ ಗಾಮದೇವಿಯಲ್ಲಿ ಸಹಕಾರಿ ಗೃಹನಿರ್ಮಾಣ ಸಂಘವೊಂದು ಸ್ಥಾಪನೆಯಾಯಿತು. ದೇಶದ ಆದ್ಯ ಗೃಹನಿರ್ಮಾಣ ಸಂಘಗಳಲ್ಲಿ ಅದೂ ಒಂದು. ಅಲ್ಲಿ ಕಟ್ಟಿಸುವವರೂ ವಾಸಿಸುವವರೂ ಒಂದೇ ಆಗಿದ್ದುದರಿಂದ ಮಾರಾಟಗಾರನ ಪ್ರಶ್ನೆಯೇ ಉದ್ಭವಿಸುತ್ತಿರಲಿಲ್ಲ.

ಸ್ವಾತಂತ್ರ್ಯಾನಂತರ ನಗರಗಳ ಜನಸಂಖ್ಯೆ ಏರಿದಂತೆ ಮನೆಗಳನ್ನು ಕಟ್ಟಿ ಮಾರುವ ಖಾಸಗಿ ವ್ಯವಹಾರ ಬೆಳೆಯಿತು. ಅದರೊಡನೆ ದೂರುಗಳೂ ಹೆಚ್ಚಿದವು. ಮಹಾರಾಷ್ಟ್ರವು 1963ರಲ್ಲಿಯೇ ಫ್ಲ್ಯಾಟ್ ಮಾಲೀಕತ್ವದ ಬಗ್ಗೆ ಪ್ರತ್ಯೇಕ ಕಾಯಿದೆ ತಂದಿತು. 1970ರಲ್ಲಿ ಹುಡ್ಕೋ, 1977ರಲ್ಲಿ ಗೃಹಸಾಲಕ್ಕೆಂದೇ ಮೀಸಲಾದ ಎಚ್‌ಡಿಎಫ್‌ಸಿ ಹಾಗೂ 1988ರಲ್ಲಿ ರಾಷ್ಟ್ರೀಯ ವಸತಿ ಬ್ಯಾಂಕ್ ಅಸ್ತಿತ್ವಕ್ಕೆ ಬಂದವು. ಅದುವರೆಗೆ ನಿವೃತ್ತಿಯ ವೇಳೆಗೆ ಬರುವ ಭವಿಷ್ಯ ನಿಧಿಯ ಹಣದಿಂದ ಮನೆ ಮಾಡಿಕೊಳ್ಳುತ್ತಿದ್ದ ಮಧ್ಯಮ ವರ್ಗವು, ಕ್ರಮೇಣ ಉದ್ಯೋಗದ ಮೊದಲ ವರ್ಷಗಳಲ್ಲಿಯೇ ಸಾಲ ಪಡೆದು ಮನೆ ಕೊಳ್ಳಲು ಸಾಧ್ಯವಾಯಿತು.

ಆರ್ಥಿಕ ಉದಾರೀಕರಣದ ತರುವಾಯ ಈ ಬದಲಾವಣೆಯ ವೇಗ ಹೆಚ್ಚಿತು. 1976ರ ನಗರ ಭೂ ಮಿತಿ ಕಾಯಿದೆಯನ್ನು ಕೇಂದ್ರ ಸರ್ಕಾರವು 1999ರಲ್ಲಿ ರದ್ದುಪಡಿಸಿತು. 2005ರಲ್ಲಿ ಟೌನ್‌ಶಿಪ್ ಹಾಗೂ ವಸತಿ ನಿರ್ಮಾಣ ಕ್ಷೇತ್ರದಲ್ಲಿ, ನಿಗದಿತ ಷರತ್ತುಗಳಿಗೆ ಒಳಪಟ್ಟು, ಶೇಕಡ 100ರಷ್ಟು ವಿದೇಶಿ ನೇರ ಬಂಡವಾಳಕ್ಕೆ ಅವಕಾಶ ದೊರೆಯಿತು. ಒಂದೆರಡು ಕಟ್ಟಡಗಳ ಸ್ಥಳೀಯ ಬಿಲ್ಡರ್‌ನ ಪಕ್ಕದಲ್ಲಿ, ಹಲವು ನಗರಗಳಲ್ಲಿ ಏಕಕಾಲಕ್ಕೆ ಸಾವಿರಾರು ಮನೆಗಳನ್ನು ಮಾರುವ ಕಂಪನಿಗಳು ಕಾಣಿಸಿಕೊಂಡವು. ಮನೆಯೆಂಬುದು ಹೆಸರು, ಲಾಂಛನ, ಜಾಹೀರಾತುಗಳಿರುವ ಸರಕಾಯಿತು.

ಕಟ್ಟುವ ಮೊದಲೇ ಮಾರುವುದೇಕೆ?

ಬೇರೆ ಸರಕುಗಳು ತಯಾರಾದ ಬಳಿಕ ಮಾರಾಟವಾಗುತ್ತವೆ. ಮನೆ ಮಾತ್ರ ತಯಾರಾಗುವ ಮೊದಲೇ ಮಾರಾಟವಾಗುತ್ತದೆ. ಇದಕ್ಕೆ ಕಾರಣ ಬಂಡವಾಳದ ಲೆಕ್ಕಾಚಾರ. ಭೂಮಿ ಕೊಳ್ಳಲು ಬ್ಯಾಂಕುಗಳಿಂದ ಸಾಲ ದೊರೆಯುವುದು ಕಷ್ಟ. ಇತರ ಮೂಲಗಳಿಂದ ದೊರೆಯುವ ಸಾಲದ ಬಡ್ಡಿಯಾದರೋ ದುಬಾರಿ. ಖರೀದಿದಾರರು ಕೊಡುವ ಮುಂಗಡಕ್ಕೆ ಬಡ್ಡಿ ಇಲ್ಲ. ಆದುದರಿಂದ ನಿರ್ಮಾಪಕನ ಪಾಲಿಗೆ ಅದಕ್ಕಿಂತ ಅಗ್ಗದ ಬಂಡವಾಳ ಬೇರೊಂದಿಲ್ಲ. ಮೊದಲು ಬರುವವರಿಗೆ ಬೆಲೆಯಲ್ಲಿ ರಿಯಾಯಿತಿ ನೀಡುವುದರ ಹಿಂದೆ ಇರುವುದು ಈ ಲೆಕ್ಕಾಚಾರವೇ.

ಈ ಪದ್ಧತಿಯಲ್ಲಿ ತನ್ನಷ್ಟಕ್ಕೆ ದೋಷವಿಲ್ಲ. ಒಂದು ಯೋಜನೆಗೆಂದು ಪಡೆದ ಹಣವನ್ನು ಇನ್ನೊಂದು ಯೋಜನೆಯ ಭೂಮಿ ಕೊಳ್ಳಲು ತೊಡಗಿಸಿದಾಗ ತೊಂದರೆ ಆರಂಭವಾಗುತ್ತದೆ. ಹೊಸ ಮಾರಾಟ ನಡೆಯುತ್ತಿರುವವರೆಗೆ ಇದು ಹೊರಗೆ ಕಾಣಿಸುವುದಿಲ್ಲ. ಮಾರಾಟ ಕುಂಠಿತವಾದೊಡನೆ ಹಳೆಯ ಕಟ್ಟಡಗಳ ಕೆಲಸ ನಿಲ್ಲುತ್ತದೆ. ಕಳೆದ ದಶಕದಲ್ಲಿ ನೋಯ್ಡಾ, ಗ್ರೇಟರ್ ನೋಯ್ಡಾ ಮುಂತಾದೆಡೆ ಸಹಸ್ರಾರು ಕುಟುಂಬಗಳು ಅನುಭವಿಸಿದ್ದು ಇದನ್ನೇ. ಅಲ್ಲಿನ ಒಂದು ದೊಡ್ಡ ಕಂಪನಿಯ ಅಪೂರ್ಣ ಕಟ್ಟಡಗಳನ್ನು ಪೂರ್ಣಗೊಳಿಸುವ ಹೊಣೆಯನ್ನು ಸರ್ವೋಚ್ಚ ನ್ಯಾಯಾಲಯವು 2019ರಲ್ಲಿ ಸರ್ಕಾರಿ ಸ್ವಾಮ್ಯದ ಎನ್‌ಬಿಸಿಸಿಗೆ ವಹಿಸಬೇಕಾಯಿತು.

ವಿಳಂಬದ ಭಾರ ಎಷ್ಟೆಂಬುದನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. 40 ಲಕ್ಷ ರೂಪಾಯಿ ಸಾಲವನ್ನು ಶೇಕಡ 8.5ರ ಬಡ್ಡಿಯಲ್ಲಿ 20 ವರ್ಷಗಳ ಅವಧಿಗೆ ಪಡೆದರೆ ಮಾಸಿಕ ಕಂತು ಸುಮಾರು 34,700 ರೂಪಾಯಿ ಆಗುತ್ತದೆ. ಮನೆ ಕೈಸೇರುವುದು ಮೂರು ವರ್ಷ ತಡವಾದರೆ, ತಿಂಗಳಿಗೆ 20,000 ರೂಪಾಯಿ ಬಾಡಿಗೆ ಕೊಡುವ ಕುಟುಂಬವು ಕಂತಿನ ಜೊತೆಗೆ 7 ಲಕ್ಷ 20 ಸಾವಿರ ರೂಪಾಯಿ ಬಾಡಿಗೆಯನ್ನೂ ತೆರಬೇಕಾಗುತ್ತದೆ. ಮಕ್ಕಳ ಉನ್ನತ ಶಿಕ್ಷಣಕ್ಕೆಂದು ಕೂಡಿಟ್ಟ ಹಣ ಇದರಲ್ಲಿಯೇ ಕರಗಿಹೋಗಬಹುದು.

2016ರ ಕಾಯಿದೆ

ಈ ಹಿನ್ನೆಲೆಯಲ್ಲಿ ಸಂಸತ್ತು 2016ರ ಮಾರ್ಚ್‌ನಲ್ಲಿ ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯಿದೆಯನ್ನು ಅಂಗೀಕರಿಸಿತು. ‘ರೇರಾ’ ಎಂದು ಪ್ರಸಿದ್ಧವಾಗಿರುವ ಈ ಕಾಯಿದೆಯ ಎಲ್ಲ ಉಪಬಂಧಗಳು 2017ರ ಮೇ 1ರಿಂದ ಜಾರಿಗೆ ಬಂದವು. 500 ಚದರ ಮೀಟರಿಗಿಂತ ಹೆಚ್ಚಿನ ಭೂಮಿಯಲ್ಲಿ, ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳಿರುವ ಯೋಜನೆಯನ್ನು ರಾಜ್ಯದ ಪ್ರಾಧಿಕಾರದಲ್ಲಿ ನೋಂದಾಯಿಸದೆ ಜಾಹೀರಾತು ನೀಡುವುದಾಗಲಿ, ಮುಂಗಡ ಪಡೆಯುವುದಾಗಲಿ, ಮಾರುವುದಾಗಲಿ ನಿಷಿದ್ಧವಾಗಿದೆ. ನೋಂದಾಯಿಸದಿದ್ದಲ್ಲಿ ಯೋಜನೆಯ ಅಂದಾಜು ವೆಚ್ಚದ ಶೇಕಡ 10ರವರೆಗೆ ದಂಡ ವಿಧಿಸಬಹುದು.

ಖರೀದಿದಾರರಿಂದ ಬಂದ ಹಣದ ಶೇಕಡ 70 ಭಾಗವನ್ನು ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿಟ್ಟು, ಅದೇ ಯೋಜನೆಯ ಭೂಮಿ ಹಾಗೂ ನಿರ್ಮಾಣ ವೆಚ್ಚಕ್ಕೆ ಮಾತ್ರ ಬಳಸತಕ್ಕದ್ದು. ನೋಂದಾಯಿತ ಕರಾರುಪತ್ರವಿಲ್ಲದೆ ಬೆಲೆಯ ಶೇಕಡ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಒಟ್ಟು ಯೋಜನೆಯ ನಕ್ಷೆಯಲ್ಲಿ ಬದಲಾವಣೆಗೆ ಮೂರನೇ ಎರಡರಷ್ಟು ಖರೀದಿದಾರರ ಲಿಖಿತ ಒಪ್ಪಿಗೆ ಬೇಕು. ಮನೆ ವಶಕ್ಕೆ ಬಂದ ಐದು ವರ್ಷಗಳೊಳಗೆ ರಚನಾತ್ಮಕ ದೋಷ ಕಂಡುಬಂದು ತಿಳಿಸಿದಲ್ಲಿ, ನಿರ್ಮಾಪಕನು 30 ದಿನಗಳೊಳಗೆ ಉಚಿತವಾಗಿ ಸರಿಪಡಿಸಿಕೊಡಬೇಕು. ಗಡುವು ಮೀರಿದಲ್ಲಿ ಖರೀದಿದಾರನು ಯೋಜನೆಯಿಂದ ಹೊರಬಂದು ಬಡ್ಡಿಸಹಿತ ಹಣ ಹಿಂಪಡೆಯಬಹುದು. ಇಲ್ಲವೇ ಯೋಜನೆಯಲ್ಲಿಯೇ ಉಳಿದು ಪ್ರತಿ ತಿಂಗಳ ವಿಳಂಬಕ್ಕೆ ಬಡ್ಡಿ ಪಡೆಯಬಹುದು.

ಜಾಹೀರಾತಿನ ಭಾಷೆ

ಕಾಯಿದೆಯ ನಂತರ ಮಾರಾಟದ ವಿಧಾನಗಳು ನಿಂತಿಲ್ಲ, ರೂಪ ಬದಲಿಸಿವೆ. ಅವುಗಳಲ್ಲಿ ಕೆಲವನ್ನು ಇಲ್ಲಿ ವಿವರಿಸಲಾಗಿದೆ.

ವಿಸ್ತೀರ್ಣ: ಹಿಂದೆ ಜಾಹೀರಾತುಗಳಲ್ಲಿ ‘ಸೂಪರ್ ಬಿಲ್ಟ್‌ಅಪ್’ ಎಂಬ ಅಳತೆಯೇ ಪ್ರಧಾನವಾಗಿತ್ತು. ಮೆಟ್ಟಿಲು, ಲಿಫ್ಟು, ಮೊಗಸಾಲೆಗಳ ಪಾಲನ್ನೂ ಇದರಲ್ಲಿ ಸೇರಿಸಲಾಗುತ್ತಿತ್ತು. ಕಾಯಿದೆಯ ಪ್ರಕಾರ ಈಗ ಕಾರ್ಪೆಟ್ ವಿಸ್ತೀರ್ಣವನ್ನು ತಿಳಿಸಬೇಕು. ಇದರಲ್ಲಿ ಮನೆಯೊಳಗಿನ ಅಡ್ಡಗೋಡೆಗಳು ಸೇರುತ್ತವೆ. ಹೊರಗೋಡೆ, ಬಾಲ್ಕನಿ, ತೆರೆದ ತಾರಸಿಗಳು ಸೇರುವುದಿಲ್ಲ. 1,000 ಚದರ ಅಡಿ ಸೂಪರ್ ಬಿಲ್ಟ್‌ಅಪ್ ಮನೆಯನ್ನು ಚದರ ಅಡಿಗೆ 6,000 ರೂಪಾಯಿಯಂತೆ 60 ಲಕ್ಷಕ್ಕೆ ಕೊಂಡಾಗ, ಅದರ ಕಾರ್ಪೆಟ್ ವಿಸ್ತೀರ್ಣ 700 ಚದರ ಅಡಿ ಇದ್ದರೆ, ಕಾಲಿಡುವ ಜಾಗಕ್ಕೆ ತೆತ್ತ ನಿಜವಾದ ದರ ಸುಮಾರು 8,570 ರೂಪಾಯಿ. ಎರಡು ಯೋಜನೆಗಳನ್ನು ಹೋಲಿಸುವಾಗ ಈ ಲೆಕ್ಕವನ್ನೇ ಹಾಕಬೇಕು.

ಮೂಲ ಬೆಲೆ: ದೊಡ್ಡ ಅಕ್ಷರಗಳಲ್ಲಿ ಪ್ರಕಟವಾಗುವುದು ಮೂಲ ಬೆಲೆ ಮಾತ್ರ. ಮೇಲಿನ ಅಂತಸ್ತಿಗೆ ಹೆಚ್ಚುವರಿ ದರ, ಉದ್ಯಾನದ ಕಡೆಗೆ ಮುಖವಿದ್ದರೆ ಪ್ರತ್ಯೇಕ ದರ, ಕ್ಲಬ್ ಸದಸ್ಯತ್ವ, ನಿರ್ವಹಣಾ ಠೇವಣಿ, ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕಗಳು ಅನಂತರ ಬರುತ್ತವೆ. 2019ರ ಏಪ್ರಿಲ್ 1ರಿಂದ ನಿರ್ಮಾಣ ಹಂತದಲ್ಲಿರುವ ಮನೆಗಳಿಗೆ ಶೇಕಡ 5, ನಿಗದಿತ ಮಿತಿಯೊಳಗಿನ ಅಗ್ಗದ ಮನೆಗಳಿಗೆ ಶೇಕಡ 1 ಸರಕು ಮತ್ತು ಸೇವಾ ತೆರಿಗೆ ಅನ್ವಯಿಸುತ್ತದೆ. ಪೂರ್ಣಗೊಂಡ ಪ್ರಮಾಣಪತ್ರ ದೊರೆತ ಬಳಿಕ ಕೊಂಡ ಮನೆಗೆ ಈ ತೆರಿಗೆ ಇಲ್ಲ. ತೆರೆದ ವಾಹನ ನಿಲುಗಡೆಯ ಸ್ಥಳವು ಕಾಯಿದೆಯ ಪ್ರಕಾರ ಎಲ್ಲರಿಗೂ ಸೇರಿದ ಜಾಗ. ಅದನ್ನು ಒಬ್ಬರಿಗೆ ಮಾರಲಾಗದು.

‘ಪೂರ್ವಭಾವಿ’ ಮಾರಾಟ: ನೋಂದಣಿಗೆ ಮೊದಲೇ ಆಸಕ್ತಿ ಪತ್ರದ ಹೆಸರಿನಲ್ಲಿ ಚೆಕ್ ಪಡೆಯುವ ಪರಿಪಾಠ ಇನ್ನೂ ಕಂಡುಬರುತ್ತದೆ. ಹೆಸರು ಏನೇ ಇದ್ದರೂ ನೋಂದಣಿ ಸಂಖ್ಯೆ ಇಲ್ಲದ ಯೋಜನೆಗೆ ಹಣ ಕೊಡುವುದು ಕ್ಷೇಮಕರವಲ್ಲ.

‘ವಶಕ್ಕೆ ಬರುವವರೆಗೆ ಕಂತಿಲ್ಲ’: ನಿರ್ಮಾಣ ಮುಗಿಯುವವರೆಗೆ ಬಡ್ಡಿಯನ್ನು ನಿರ್ಮಾಪಕನೇ ಕಟ್ಟುವನೆಂಬ ಯೋಜನೆ ಆಕರ್ಷಕವಾದುದು. ಆದರೆ ಸಾಲ ಇರುವುದು ಖರೀದಿದಾರನ ಹೆಸರಿನಲ್ಲಿ. ನಿರ್ಮಾಪಕನು ಕಟ್ಟುವುದನ್ನು ನಿಲ್ಲಿಸಿದರೆ ಬ್ಯಾಂಕು ಕೇಳುವುದು ಸಾಲಗಾರನನ್ನೇ. ಸಾಲದ ಹಣವನ್ನು ನಿರ್ಮಾಣದ ಹಂತಗಳಿಗೆ ಅನುಗುಣವಾಗಿ ಬಿಡುಗಡೆ ಮಾಡಬೇಕೆಂದು ರಿಸರ್ವ್ ಬ್ಯಾಂಕ್ 2013ರಲ್ಲಿಯೇ ಬ್ಯಾಂಕುಗಳಿಗೆ ಸೂಚಿಸಿತ್ತು. 2019ರಲ್ಲಿ ರಾಷ್ಟ್ರೀಯ ವಸತಿ ಬ್ಯಾಂಕ್, ಗೃಹಸಾಲ ಸಂಸ್ಥೆಗಳು ಇಂತಹ ಯೋಜನೆಗಳಿಂದ ದೂರವಿರಬೇಕೆಂದು ತಿಳಿಸಿತು. ರಾಜಧಾನಿ ವಲಯದಲ್ಲಿ ಇದರಿಂದ ಹಾನಿಗೊಳಗಾದವರ ಅರ್ಜಿಗಳ ಮೇಲೆ, ನಿರ್ಮಾಪಕರು ಹಾಗೂ ಬ್ಯಾಂಕುಗಳ ನಡುವಿನ ಸಂಬಂಧವನ್ನು ತನಿಖೆ ಮಾಡುವಂತೆ ಸರ್ವೋಚ್ಚ ನ್ಯಾಯಾಲಯವು 2025ರಲ್ಲಿ ಸಿಬಿಐಗೆ ಆದೇಶಿಸಿತು.

ಮಧ್ಯವರ್ತಿ ಮತ್ತು ಮೊಬೈಲು: ಮನೆಗಳ ಮಾರಾಟದ ಗಣನೀಯ ಭಾಗ ಇಂದು ದಲಾಲಿ ಪಡೆಯುವ ಮಧ್ಯವರ್ತಿಗಳ ಮೂಲಕ ನಡೆಯುತ್ತದೆ. ನೋಂದಾಯಿತ ಯೋಜನೆಗಳ ಮನೆ ಮಾರುವ ಮಧ್ಯವರ್ತಿಗಳೂ ಪ್ರಾಧಿಕಾರದಲ್ಲಿ ನೋಂದಾಯಿಸಿಕೊಂಡಿರಬೇಕು. 2020ರ ಕೋವಿಡ್ ಕಾಲದಲ್ಲಿ ವಿಡಿಯೋ ಮೂಲಕ ಮನೆ ತೋರಿಸುವ ಕ್ರಮ ವ್ಯಾಪಕವಾಯಿತು. ಊರಿನಿಂದ ದೂರವಿರುವವರಿಗೆ ಇದು ಅನುಕೂಲಕರ. ಆದರೆ ಚಿತ್ರದಲ್ಲಿ ಕಾಣುವ ಕೆರೆ, ಮೆಟ್ರೋ ನಿಲ್ದಾಣಗಳು ಕರಾರುಪತ್ರದಲ್ಲಿ ಇವೆಯೇ ಎಂಬುದನ್ನು ನೋಡಬೇಕು. ಜಾಹೀರಾತಿನ ಅಥವಾ ಮಾದರಿ ಮನೆಯ ಸುಳ್ಳು ವಿವರ ನಂಬಿ ಹಣ ಕೊಟ್ಟು ನಷ್ಟ ಹೊಂದಿದವರು ಪರಿಹಾರ ಕೇಳಬಹುದೆಂದು ಕಾಯಿದೆಯ 12ನೇ ಪ್ರಕರಣ ಹೇಳುತ್ತದೆ. ಆದುದರಿಂದ ಕರಪತ್ರಗಳನ್ನೂ ಸಂದೇಶಗಳನ್ನೂ ಜೋಪಾನವಾಗಿಡುವುದು ಲೇಸು. ಮಹಾರಾಷ್ಟ್ರದಲ್ಲಿ 2023ರ ಆಗಸ್ಟ್ 1ರಿಂದ ಜಾಹೀರಾತುಗಳಲ್ಲಿ ಕ್ಯೂಆರ್ ಸಂಕೇತ ಕಡ್ಡಾಯವಾಗಿದ್ದು, ಮೊಬೈಲಿನಿಂದ ಅದನ್ನು ಓದಿಸಿದರೆ ಪ್ರಾಧಿಕಾರದಲ್ಲಿರುವ ಯೋಜನೆಯ ವಿವರಗಳು ದೊರೆಯುತ್ತವೆ.

ಯಾವ ಪ್ರಾಧಿಕಾರ?

ಹೊರನಾಡ ಕನ್ನಡಿಗರು ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ದೂರು ಸಲ್ಲಿಸಬೇಕಾದುದು ಖರೀದಿದಾರನು ವಾಸಿಸುವ ರಾಜ್ಯದಲ್ಲಲ್ಲ. ಯೋಜನೆ ಇರುವ ರಾಜ್ಯದಲ್ಲಿ. ಮುಂಬಯಿ, ಪುಣೆಗಳ ಯೋಜನೆಗಳಿಗೆ ಮಹಾರಾಷ್ಟ್ರದ, ಚೆನ್ನೈಗೆ ತಮಿಳುನಾಡಿನ, ಹೈದರಾಬಾದಿಗೆ ತೆಲಂಗಾಣದ ಪ್ರಾಧಿಕಾರಗಳಿವೆ. ದೆಹಲಿಯಲ್ಲಿ ಕೆಲಸ ಮಾಡುವವರು ನೋಯ್ಡಾ ಅಥವಾ ಗಾಜಿಯಾಬಾದಿನಲ್ಲಿ ಮನೆ ಕೊಂಡರೆ ಉತ್ತರ ಪ್ರದೇಶದ, ಗುರುಗ್ರಾಮದಲ್ಲಿ ಕೊಂಡರೆ ಹರಿಯಾಣದ ಪ್ರಾಧಿಕಾರಕ್ಕೆ ಹೋಗಬೇಕಾಗುತ್ತದೆ. ನಿವೃತ್ತಿಯ ಬಳಿಕ ನಾಡಿಗೆ ಮರಳುವ ಉದ್ದೇಶದಿಂದ ಬೆಂಗಳೂರು, ಮೈಸೂರು, ಮಂಗಳೂರುಗಳಲ್ಲಿ ಮನೆ ಅಥವಾ ಬಡಾವಣೆಯ ನಿವೇಶನ ಕೊಳ್ಳುವವರಿಗೆ ಕರ್ನಾಟಕದ ಪ್ರಾಧಿಕಾರವಿದೆ. ನಿವೇಶನವಾದಲ್ಲಿ ಭೂ ಪರಿವರ್ತನೆ ಆದೇಶ, ಬಡಾವಣೆ ನಕ್ಷೆಯ ಅನುಮೋದನೆ, ಖಾತೆ, ಋಣಭಾರ ಪ್ರಮಾಣಪತ್ರಗಳನ್ನೂ ವಕೀಲರಿಂದ ಪರಿಶೀಲಿಸಿಕೊಳ್ಳಬೇಕು. ಬಂಧುಗಳು ಪರಿಚಯಿಸಿದ ವ್ಯವಹಾರವೆಂಬ ದಾಕ್ಷಿಣ್ಯಕ್ಕೆ ಈ ಪರಿಶೀಲನೆಯನ್ನು ಬಿಡಬಾರದು.

ಕೆಲಸ ನಿಂತುಹೋದಾಗ

2018ರಲ್ಲಿ ದಿವಾಳಿ ಸಂಹಿತೆಗೆ ತಿದ್ದುಪಡಿ ತಂದು ಮನೆ ಖರೀದಿದಾರರನ್ನು ಹಣಕಾಸು ಸಾಲಿಗರೆಂದು ಪರಿಗಣಿಸಲಾಯಿತು. ಇದರಿಂದ ಕಂಪನಿಯ ಭವಿಷ್ಯದ ಬಗ್ಗೆ ಮತ ನೀಡುವ ಹಕ್ಕು ಅವರಿಗೂ ದೊರೆಯಿತು. 2020ರ ತಿದ್ದುಪಡಿಯ ಪ್ರಕಾರ ಈ ಪ್ರಕ್ರಿಯೆ ಆರಂಭಿಸಲು ಒಂದೇ ಯೋಜನೆಯ ಕನಿಷ್ಠ 100 ಮಂದಿ ಅಥವಾ ಶೇಕಡ 10ರಷ್ಟು ಖರೀದಿದಾರರು, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಮಂದಿ, ಒಟ್ಟಾಗಿ ಅರ್ಜಿ ಸಲ್ಲಿಸಬೇಕು. ಸ್ಥಗಿತಗೊಂಡ ಯೋಜನೆಗಳಿಗೆ ಕೊನೆಯ ಹಂತದ ಹಣ ಒದಗಿಸಲು 2019ರ ನವೆಂಬರ್‌ನಲ್ಲಿ 25,000 ಕೋಟಿ ರೂಪಾಯಿಗಳ ‘ಸ್ವಾಮಿಹ್’ ನಿಧಿಯನ್ನು ಪ್ರಕಟಿಸಲಾಯಿತು. ಇದರ ನೆರವಿನಿಂದ 50,000 ಮನೆಗಳು ಪೂರ್ಣಗೊಂಡಿವೆಯೆಂದು 2025ರ ಕೇಂದ್ರ ಮುಂಗಡಪತ್ರದಲ್ಲಿ ತಿಳಿಸಿ, 15,000 ಕೋಟಿ ರೂಪಾಯಿಗಳ ಎರಡನೆಯ ನಿಧಿಯನ್ನು ಘೋಷಿಸಲಾಯಿತು.

ಆದಾಗ್ಯೂ, ಆದೇಶ ಪಡೆಯುವುದು ಬೇರೆ, ಹಣ ಕೈಸೇರುವುದು ಬೇರೆ ಎಂಬುದನ್ನು ಮರೆಯಲಾಗದು. ಪ್ರಾಧಿಕಾರದ ಆದೇಶದ ಮೊಬಲಗನ್ನು ಭೂಕಂದಾಯ ಬಾಕಿಯಂತೆ ವಸೂಲು ಮಾಡಲು ಅವಕಾಶವಿದ್ದರೂ, ವಸೂಲಿಯು ಜಿಲ್ಲಾಡಳಿತದ ಕ್ರಮವನ್ನು ಅವಲಂಬಿಸಿರುವುದರಿಂದ ಕಾಲಹರಣವಾಗುವುದುಂಟು. ಆದುದರಿಂದ ಪರಿಹಾರಕ್ಕಾಗಿ ಓಡಾಡುವುದಕ್ಕಿಂತ ಮುಂಚಿತವಾಗಿ ಎಚ್ಚರ ವಹಿಸುವುದು ಮೇಲು.

ಮುಂಗಡದ ಚೆಕ್ ಬರೆಯುವ ಮೊದಲು ಮಾಡಬೇಕಾದ ಕೆಲಸಗಳು ಹೆಚ್ಚೇನಿಲ್ಲ. ಪ್ರಾಧಿಕಾರದ ಜಾಲತಾಣದಲ್ಲಿ ನೋಂದಣಿ ಸಂಖ್ಯೆ, ಮುಗಿಯುವ ದಿನಾಂಕ, ಮೂರು ತಿಂಗಳಿಗೊಮ್ಮೆ ದಾಖಲಾಗುವ ಪ್ರಗತಿ ವಿವರ, ನ್ಯಾಯಾಲಯದ ಪ್ರಕರಣಗಳನ್ನು ನೋಡಬೇಕು. ಅದೇ ನಿರ್ಮಾಪಕನು ಹಿಂದೆ ಕಟ್ಟಿದ ಕಟ್ಟಡಕ್ಕೆ ಒಂದು ಭಾನುವಾರ ಹೋಗಿ, ಅಲ್ಲಿ ವಾಸವಿರುವವರೊಡನೆ ಮಾತನಾಡಬೇಕು. ಎಲ್ಲ ವೆಚ್ಚಗಳನ್ನು ಒಳಗೊಂಡ ಒಟ್ಟು ಬೆಲೆಯನ್ನು ಲಿಖಿತವಾಗಿ ಕೇಳಬೇಕು. ಬಾಯಿಮಾತಿನ ಪ್ರತಿಯೊಂದು ಭರವಸೆಯನ್ನೂ ಕರಾರುಪತ್ರದಲ್ಲಿ ಬರೆಸಬೇಕು. ‘ಇಂದೇ ಕೊನೆಯ ದಿನ’ ಎಂದು ಅವಸರಪಡಿಸುವವರಿಗೆ ಒಂದು ವಾರದ ಕಾಲಾವಕಾಶ ಕೇಳಬೇಕು. ಇಪ್ಪತ್ತು ವರ್ಷ ತೀರಿಸಬೇಕಾದ ಸಾಲಕ್ಕೆ ಒಂದು ವಾರದ ವಿಚಾರ ಅತಿಯಾದುದೇನಲ್ಲ.